ಇನಾಗುರೇಟ್ ಆದ ಮೀಸಿ

ಇಂಗ್ಲಿಷ್ ಮಾಸ್ತರಗ ತಾನು ಕಲಿಸಿದ ಶಬ್ದಗಳ ಕಾಟ ತಪ್ಪಿದ್ದಲ್ಲ. 'ಇನಾಗುರೇಟ್' ಅನ್ನೋ ಕ್ರಿಯಾಪದ ಅಂತೂ ನನ್ನ ಮುಖಕ್ಕ ಕೈ ಹಾಕಿಬಿಡ್ತು ನೋಡ್ರಿ.

೧. ಮುತ್ಯಾನ ತುತ್ತು

ಎಪ್ಪತ್ತರ ದಶಕ, ಬಸವಕಲ್ಯಾಣದ ಸಾಲಿ. ಅರ್ಥ ಹೇಳಿದೆ: "ದೊಡ್ಡವರ ಕೈಲೆ ಸಮಾರಂಭ ಮಾಡಿಸಿ ಹೊಸಾದು ಸುರು ಮಾಡೂದು. ಉದಾಹರಣೆ ಕೊಡ್ರಿ."

ಒಬ್ಬಾಕಿ ಎದ್ದಳು. "ನಮ್ಮ ಮುತ್ಯಾ ದಿನಾ ಊಟ ಇನಾಗುರೇಟ್ ಮಾಡ್ತಾನ್ರಿ."

"ಊಟಕ್ಕ ಆ ಶಬ್ದ ಬಳಸಂಗಿಲ್ಲವಾ."

"ಯಾಕ್ರಿ? ಮನ್ಯಾಗ ಅಂವನ ಹಿರ್ಯಾ, ಅಂವ ಉಣ್ಣೂತನಕ ನಾವ್ಯಾರೂ ತಾಟಿಗೆ ಕೈ ಹಚ್ಚಂಗಿಲ್ರಿ!"

"ಆಯ್ತು ತಾಯಿ, ಮೊದಲ ತುತ್ತು ಹೊಟ್ಟಿಗೆ ಬಿದ್ರನ ಇನಾಗುರೇಟ್" ಅಂತ ಸೋತೆ. ಇಡೀ ಕ್ಲಾಸು ನಕ್ಕಿತು.

೨. ಬೋಣಿಗಿ

ಆ ಹುಡುಗಿ ಅಪ್ಪ ಹೊಸಾ ಕಟಿಂಗ್ ಸಲೂನ್ ತಗದ. ಉದ್ಘಾಟನೆಗೆ ನಾನ ಮುಖ್ಯ ಅತಿಥಿ! ಅವತ್ತ ಸಂಜೀಕ ಹುಮನಾಬಾದಿಗೆ ಕನ್ಯಾ ನೋಡಾಕ ಹೋಗೋದಿತ್ತು. ಮೊದಲ ಎರಡು ಕಡೆ ನನ್ನ ಒಲ್ಲೆ ಅಂದಿದ್ರು, ಇದಾದ್ರೂ ಕೂಡಿ ಬರ್ಲಿ ಅಂತ ದೇವರಿಗೆ ಕೈ ಮುಗದಿದ್ದೆ. ರಿಬ್ಬನ್ ಕತ್ತರಿಸಿ ಬಸ್ಸಿಗೆ ಹೊಂಟೆ.

ಅಂವ ಕೈ ಹಿಡದ. "ಹ್ಯಾಂಗ ಹೊಂಟ್ರಿ ಸರ್? ಮೊದಲ ತುತ್ತು ಬೀಳದ ಇನಾಗುರೇಟ್ ಆಗಂಗಿಲ್ಲ ಅಂತ ನೀವ ಹೇಳೀರಂತ! ಮೊದಲ ಗಿರಾಕಿ ನೀವ. ಬೋಣಿಗಿ ಮಾಡಿ ಹೋಗ್ರಿ."

"ಕ್ರಾಪು ನಿನ್ನೇನ ಆಗೇದ, ಗಡ್ಡ ಮುಂಜಾನೆ ಕೆರಕೊಂಡೀನಿ, ಇನ್ನೇನದ?"

"ಮೀಸಿ ಅದ ಅಲ್ರೀ! ಅಂಚು ಜರಾ ಸಾಫ್ ಮಾಡ್ತೀನಿ."

ಎಡಕ್ಕ ಜರಾ ಹೆಚ್ಚಾತು. ಸರಿ ಮಾಡಾಕ ಬಲಕ್ಕ ಹೋದ. ಮತ್ತ ಎಡಕ್ಕ ಬಂದ. ಮಂದಿ ಚಪ್ಪಾಳಿ ಹೊಡಿಯೂದ್ರಾಗ ಹುರಿ ಮೀಸಿ ಪೂರಾ ಖಲಾಸ್!

೩. ಫೋಟೋ

ಬಸ್ಸಿನ್ಯಾಗ ಮುಖಕ್ಕ ಟವೆಲ್ ಹಿಡಕೊಂಡ ಕುಂತಿದ್ದೆ. ಕನ್ಯಾದವರಿಗೆ ಕಳಿಸಿದ ಫೋಟೋದಾಗ ಮುಖಕ್ಕಿಂತ ಮೀಸೀನ ದೊಡ್ಡದಿತ್ತು! ಈ ಸಂಬಂಧಾನೂ ಹೋತು ಅಂತ ಅಳು ಬಂದಂಗಾತು.

ಕನ್ಯಾದ ಅಪ್ಪ ಫೋಟೋ ಒಮ್ಮೆ, ನನ್ನ ಒಮ್ಮೆ ನೋಡಿದ. "ವರ ಎಲ್ಲಿ? ವರನ ತಮ್ಮನ್ನ ಕಳಿಸ್ಯಾರೇನು?"

"ನಾನ ರೀ ವರ" ಅಂದೆ. ಸಲೂನಿನ ಕತಿ ಪೂರಾ ಹೇಳಿದೆ. ಬಾಗಿಲ ಹಿಂದ ಯಾರೋ ಕಿಸಕ್ಕಂತ ನಕ್ಕರು. ಅಪ್ಪಗ ನಂಬಿಕಿ ಬರಲಿಲ್ಲ. ಒಳಗ ಹೊಳ್ಳಿ ಕೇಳಿದ: "ಏನವಾ, ಏನ್ ಮಾಡೂಣು?"

ಬಾಗಿಲ ಹಿಂದಿಂದ ದನಿ ಬಂತು:

"ಇವರಿಗಾದ್ರ ಹೂಂ ಅನ್ರಿ ಅಪ್ಪಾ. ಫೋಟೋದಾಗಿನವರು ಮಾತ್ರ ಬ್ಯಾಡ!"