ಬಿಸಿ ಏರಿದ ದಿನ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಥರ್ಮಾಮೀಟರಿನೊಳಗಿನ ಒಂದು ಗೆರೆ. ಇರುವೆಯ ಕಾಲಿಗಿಂತ ಸಣ್ಣದು. ಅವತ್ತು ಬೆಳಗ್ಗೆ ಅದು ಒಂಚೂರು ಮೇಲೇರಿತು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಹೆಂಡತಿ ಅದನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು, "ರೀ, ಏರಿದೆ!" ಎಂದು ಕೂಗಿದ ಕೂಗಿಗೆ ಎದುರು ಮನೆಯ ಪಾರಿವಾಳಗಳು ಹಾರಿಹೋದವು. ಅವುಗಳಲ್ಲಿ ಎರಡು ಇನ್ನೂ ವಾಪಸು ಬಂದಿಲ್ಲ.

ಮೈಬಿಸಿ ಏರಿದ ದಿನವೇ ಗರ್ಭ ನಿಲ್ಲುವ ದಿನ ಎಂಬುದು ಮೇಷ್ಟ್ರ ಸಿದ್ಧಾಂತ. ಕಬ್ಬಿಣ ಕಾದಾಗಲೇ ಬಡಿಯಬೇಕು ತಾನೇ? ಕಾಯುವವರೆಗೆ ಶಕ್ತಿ ಪೋಲಾಗಬಾರದೆಂದು ಅವರು ಹಾಲ್‌ನಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ನಾಲ್ಕು ವರ್ಷದಿಂದ ಹೀಗೇ. ಇಷ್ಟು ಶಿಸ್ತಿನ ಗಂಡ ಏಳು ಸಮುದ್ರದ ಆಚೆ ಹುಡುಕಿದರೂ ಸಿಗಲಾರ. ಬೇಕಿದ್ದರೆ ಹುಡುಕಿ ನೋಡಿ.

ಆದರೆ ಬೆಳಗಿನ ಕ್ಲಾಸಿನವರು ಆಗಲೇ ಗೇಟಿನ ಮುಂದೆ ಹಾರ್ನ್ ಬಾರಿಸುತ್ತಿದ್ದರು.

"ಅರ್ಧ ದಿನ ರಜೆ ಕೇಳಿ ಬೇಗ ಬಂದ್ಬಿಡ್ತೀನಿ ಕಣೇ," ಎಂದರು ಮೇಷ್ಟ್ರು ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸುತ್ತ.

"ಬನ್ನಿ. ಇದೇ ಕೊನೆ ಸಲ," ಎಂದಳು ಹೆಂಡತಿ. ಅವಳು ನಗುತ್ತಿರಲಿಲ್ಲ. "ನಿಮ್ಮಕ್ಕ ಮಗೂನ ನನ್ನ ಕೈಗೇ ಕೊಡಲ್ಲ. ದೃಷ್ಟಿ ಆಗುತ್ತಂತೆ. ನಂಗೆ ಸಾಕಾಗಿದೆ. ಈ ಸಲ ಆಗ್ಲಿಲ್ಲ ಅಂದ್ರೆ ಈ ಗಾಜಿನ ಕಡ್ಡಿ ಮುರಿದು ಹಾಕ್ತೀನಿ, ಅಷ್ಟೇ."

ಇದ್ದದ್ದು ಒಂದೇ ಕೋಣೆ, ಒಂದೇ ಮಂಚ. ಮಗಳನ್ನು ನೋಡಲು ಬಂದಿದ್ದ ಅತ್ತೆಗೆ ಎಲ್ಲ ಗೊತ್ತು. ಆಕೆ ಚೀಲಕ್ಕೆ ನೀರಿನ ಬಾಟಲಿ ತುಂಬಿಕೊಂಡು, "ನಾನು ಸಂಜೆತನಕ ಪಾರ್ಕಲ್ಲಿ ಕೂತಿರ್ತೀನಿ ಅಳಿಯಂದ್ರೇ. ಮಳೆ ಬಂದ್ರೂ ಏಳಲ್ಲ," ಎಂದು ಅಭಯ ಕೊಟ್ಟರು.

ಡ್ರೈವಿಂಗ್ ಸ್ಕೂಲಿನ ಯಜಮಾನರಿಗೆ ರಜೆ ಎಂಬ ಪದ ಕಿವಿಗೆ ಬಿದ್ದರೆ ಮೈಯೆಲ್ಲ ತುರಿಕೆ.

"ಯಾಕ್ರೀ ಮೇಷ್ಟ್ರೇ ರಜೆ?"

ನಿಜ ಹೇಳುವುದಾದರೂ ಹೇಗೆ? ಪಕ್ಕದಲ್ಲಿ ಲಾರಿ ಕಲಿಸುವ ಮೇಷ್ಟ್ರು ಕಿವಿಯನ್ನು ಮೊರದಷ್ಟಗಲ ಮಾಡಿಕೊಂಡು ನಿಂತಿದ್ದರು. ಅವರಿಗೆ ಒಂದು ಗುಟ್ಟು ಗೊತ್ತಾದರೆ ಊರಿನ ಟೈರುಗಳಿಗೂ ಗೊತ್ತಾದಂತೆ.

"ಅತ್ತೆಗೆ ಹುಷಾರಿಲ್ಲ ಸಾರ್."

"ಏನಾಗಿದೆ?"

"ಅದು... ಎದ್ದೇಳೋಕಾಗ್ತಿಲ್ಲ."

ಯಜಮಾನರು ಜಿಪುಣರಾದರೂ ಕರುಣಾಮಯಿ. ಕರುಣೆಗೆ ಖರ್ಚಿಲ್ಲವಲ್ಲ. "ಅಯ್ಯೋ ಪಾಪ! ಮೊದಲೇ ಹೇಳೋದಲ್ವೇನ್ರೀ? ನಡೀರಿ, ನಾನೇ ಬಂದು ನೋಡ್ತೀನಿ. ಹೆರಿಗೆ ಡಾಕ್ಟ್ರಮ್ಮ ಈಗ ಕ್ಲಾಸಿಗೆ ಬಂದಿದ್ದಾರೆ, ಅವರನ್ನೂ ಕರ್ಕೊಂಡು ಹೋಗೋಣ. ಅವರೇ ಓಡಿಸ್ಲಿ. ಕ್ಲಾಸೂ ಆಯ್ತು, ಉಪಕಾರಾನೂ ಆಯ್ತು."

ಮೇಷ್ಟ್ರು ಟಾಯ್ಲೆಟ್ಟಿಗೆ ಓಡಿ ಹೆಂಡತಿಗೆ ಫೋನ್ ಮಾಡಿದರು. "ಅತ್ತೇನ ಪಾರ್ಕಿಂದ ವಾಪಸ್ ಕರೆಸು! ಮಂಚದ ಮೇಲೆ ಮಲಗ್ಸು! ನರಳೋಕೆ ಹೇಳು!"

"ಮಂಚದ ಮೇಲಾ?" ಎಂದಿತು ಅತ್ತಲಿನ ದನಿ.

ಡಾಕ್ಟ್ರಮ್ಮ ಸಾವಿರಾರು ಮಕ್ಕಳನ್ನು ಭೂಮಿಗೆ ಇಳಿಸಿದವರು. ಆದರೆ ಕಾರನ್ನು ಎರಡನೇ ಗೇರಿಗೆ ಏರಿಸುವುದು ಅವರ ಕೈಯಲ್ಲಿ ಆಗಿರಲಿಲ್ಲ. ಕಾರು ಕಪ್ಪೆಯಂತೆ ಕುಪ್ಪಳಿಸುತ್ತ ಹೊರಟಿತು. ದಾರಿಯಲ್ಲಿ ಒಂದು ಆಮೆ ಸಿಕ್ಕಿದ್ದರೆ ಖಂಡಿತ ನಮ್ಮನ್ನು ಓವರ್‌ಟೇಕ್ ಮಾಡುತ್ತಿತ್ತು ಎಂದು 'ಇದು ರಜೆಯ ಸುಳ್ಳು' ಎಂದು ಯಜಮಾನರ ಕಿವಿಯಲ್ಲಿ ಊದುತ್ತ ಹಿಂದಿನ ಸೀಟು ಹತ್ತಿದ್ದ ಲಾರಿ ಮೇಷ್ಟ್ರು ಇವತ್ತಿಗೂ ಆಣೆ ಮಾಡುತ್ತಾರೆ. ಪ್ರತಿ ತಿರುವಿನಲ್ಲೂ ಎಂಜಿನ್ ಆಫ್. ಒಂದೊಂದು ಸಲ ಆಫ್ ಆದಾಗಲೂ ಮೇಷ್ಟ್ರಿಗೆ ತಮ್ಮ ವಂಶದ ದೀಪವೇ ಆರಿದಂತಾಗುತ್ತಿತ್ತು.

ಮನೆ ತಲುಪುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಅತ್ತೆ ಮಂಚದ ಮೇಲೆ ಅಂಗಾತ ಮಲಗಿ, ಹತ್ತು ನಾಟಕ ಕಂಪನಿಗಳು ಸೇರಿದರೂ ಸಾಟಿಯಾಗದಂತೆ ನರಳುತ್ತಿದ್ದರು. ಡಾಕ್ಟ್ರಮ್ಮ ಗಂಡಸರನ್ನೆಲ್ಲ ಹಾಲ್‌ಗೆ ಅಟ್ಟಿದರು. ಮೇಷ್ಟ್ರು ಮಾತ್ರ ಬಾಗಿಲಿಗೆ ಹಲ್ಲಿಯಂತೆ ಅಂಟಿಕೊಂಡರು.

ನಾಡಿ ನೋಡಿದ ಡಾಕ್ಟ್ರಮ್ಮ, "ಅಜ್ಜೀ, ನಿಮಗೆ ಏನೂ ಆಗಿಲ್ಲ. ಕುಸ್ತಿಗೆ ಇಳಿಸಬಹುದು," ಎಂದರು. ದಿಂಬಿನ ಪಕ್ಕದ ಥರ್ಮಾಮೀಟರ್ ಕಣ್ಣಿಗೆ ಬಿತ್ತು. "ಇದ್ಯಾರಿಗೆ?"

ಹೆಂಡತಿ ಕಟ್ಟೆಯೊಡೆದಂತೆ ಎಲ್ಲ ಹೇಳಿಬಿಟ್ಟಳು. ಬಿಸಿ, ಗೆರೆ, ಇವತ್ತು, ನಾಲ್ಕು ವರ್ಷ.

ಡಾಕ್ಟ್ರಮ್ಮನ ಮುಖದಿಂದ ನಗು ಇಳಿಯಿತು. "ಅಂಡ ಹೊರಗೆ ಬಂದ ಮೇಲೇನೇ ಕಣಮ್ಮಾ ಮೈಬಿಸಿ ಏರೋದು. ಅಂಡ ಹೆಚ್ಚೂಕಡಿಮೆ ಒಂದು ದಿನ ಇರುತ್ತೆ ಅಷ್ಟೇ. ಬಿಸಿ ಏರಿದ್ದು ನಿಮಗೆ ಕಾಣೋ ಹೊತ್ತಿಗೆ ಬಸ್ಸು ಹೋಗಿರುತ್ತೆ. ಗಂಡಸಿನ ಬೀಜ ಆದ್ರೆ ನಾಲ್ಕೈದು ದಿನ ಒಳಗೆ ಕಾಯಬಲ್ಲದು. ಅದಕ್ಕೇ ಏರೋಕೆ ಮುಂಚಿನ ದಿನಗಳೇ ಮುಖ್ಯ. ಆ ದಿನಗಳಲ್ಲಿ ಏನು ಮಾಡ್ತೀರಿ?"

"ಆಗ ಇವರು ಹಾಲ್‌ನಲ್ಲಿ ಮಲಗ್ತಾರೆ."

"ಯಾಕೆ?"

"ಶಕ್ತಿ ಕೂಡಿಡೋಕೆ."

"ಯಾವ ಬುದ್ಧಿವಂತ ಹೇಳಿದ್ದು?"

ಮೂವರು ಹೆಂಗಸರೂ ಬಾಗಿಲ ಕಡೆ ನೋಡಿದರು. ಮೇಷ್ಟ್ರಿಗೆ ಗೋಡೆಯೊಳಗೆ ಇಳಿದುಹೋಗುವ ಆಸೆಯಾಯಿತು. ಗೋಡೆ ದಾರಿ ಬಿಡಲಿಲ್ಲ.

"ನಾಲ್ಕು ವರ್ಷ ನಾನು ಬಂಜೆ ಅನ್ನಿಸ್ಕೊಂಡೆ," ಎಂದಳು ಹೆಂಡತಿ ಬಹಳ ಮೆಲ್ಲಗೆ. "ನಿಮ್ಮ ಬುದ್ಧಿವಂತಿಕೆಗೆ."

"ನಿಮ್ಮ ಕೈ ಕೆಳಗೇ ಕಾರು ಕಲೀತಿದ್ದೀನಲ್ಲ ಮೇಷ್ಟ್ರೇ, ಒಂದು ಮಾತು ಕೇಳಬಾರದಿತ್ತೇ?" ಎಂದು ಡಾಕ್ಟ್ರಮ್ಮ ತಲೆ ಚಚ್ಚಿಕೊಂಡರು. ಆಮೇಲೆ ಹೆಂಡತಿಯ ಭುಜ ತಟ್ಟಿ, "ಅಳಬೇಡಮ್ಮ. ಮುಂದಿನ ತಿಂಗಳು ಮುಟ್ಟು ಮುಗಿದ ಮೇಲೆ ದಿನ ಬಿಟ್ಟು ದಿನ ಸೇರಿ. ಇವರನ್ನ ಹಾಲ್‌ಗೆ ಕಳಿಸಬೇಡ. ಒಂದೇ ಸಲಕ್ಕೆ ಆಗೇಬಿಡುತ್ತೆ ಅಂತ ನಾನು ಹೇಳಲ್ಲ, ಆದ್ರೆ ನಿಮ್ಮಿಬ್ಬರನ್ನೂ ಒಮ್ಮೆ ಪರೀಕ್ಷೆ ಮಾಡ್ತೀನಿ. ದಾರಿ ಇದೆ," ಎಂದರು.

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದೇ ಒಂದು ತಿಂಗಳು ನೋಡ್ತೀನಿ," ಎಂದಳು.

ಆ ಮಾತು ಕೇಳಿದ್ದೇ ತಡ, ಅತ್ತೆಯ ಮೈಯಲ್ಲಿ ಹದಿನಾರರ ಹುಡುಗಿ ಹೊಕ್ಕಳು. "ಹಾಗಾದ್ರೆ ನಾನ್ಯಾಕೆ ಇಲ್ಲಿ ಅಡ್ಡ? ಇವತ್ತೇ ಊರಿಗೆ ಹೊರಟೆ! ಮನೆ ನಿಮಗೇ ಬಿಟ್ಟೆ!" ಎಂದು ಮಂಚದಿಂದ ಚಿಮ್ಮಿದರು.

ಕಟಕ್.

ಅರ್ಧ ಎದ್ದು, ಅರ್ಧ ಬಗ್ಗಿ, ಹಾಗೇ ನಿಂತರು. ಈ ಸಲ ಹೊರಟ ಕೂಗು ನಾಟಕದ್ದಲ್ಲ.

ಡಾಕ್ಟ್ರಮ್ಮ ಬೆನ್ನು ಒತ್ತಿ, ಕಾಲು ಎತ್ತಿ ನೋಡಿದರು. "ಸೊಂಟ ಹಿಡಿದಿದೆ. ಮೂಳೆ ಡಾಕ್ಟ್ರನ್ನ ನಾನೇ ಇಲ್ಲಿಗೆ ಕಳಿಸ್ತೀನಿ. ಸದ್ಯಕ್ಕೆ ಎಲ್ಲಿಗೂ ಸಾಗಿಸಬೇಡಿ, ಇದೇ ಮಂಚದ ಮೇಲಿರಲಿ. ಪೂರಾ ವಾಸಿಯಾಗೋಕೆ ಒಂದೂವರೆ ತಿಂಗಳಾದ್ರೂ ಬೇಕು. ಮಗಳು ರಾತ್ರಿ ಪಕ್ಕದಲ್ಲೇ ಮಲಗ್ಲಿ, ಹೊರಳಿಸೋಕೆ ಒಬ್ರು ಬೇಕಾಗುತ್ತೆ."

ಕೂಗಿಗೆ ಓಡಿಬಂದಿದ್ದ ಯಜಮಾನರು ಇಷ್ಟನ್ನು ಮಾತ್ರ ಕೇಳಿಸಿಕೊಂಡು ಲಾರಿ ಮೇಷ್ಟ್ರ ಕಡೆ ತಿರುಗಿದರು. "ನೋಡ್ದೇನಯ್ಯಾ? ರಜೆಗೆ ಸುಳ್ಳು ಹೇಳ್ತಾನೆ ಅಂದ್ಯಲ್ಲ!" ಎಂದು ಗದರಿ, ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಅರ್ಧ ದಿನ ಅಲ್ಲ ಮೇಷ್ಟ್ರೇ, ಈ ವಾರ ಪೂರ್ತಿ ರಜೆ ತಗೊಳ್ಳಿ. ಹಾಯಾಗಿ ಮನೇಲಿರಿ. ಮುಂದಿನ ತಿಂಗಳು ಮಾತ್ರ ನನ್ನನ್ನ ರಜೆ ಕೇಳಬೇಡಿ, ಹೊಸ ಬ್ಯಾಚು ಇದೆ."

"ಥ್ಯಾಂಕ್ಸ್ ಸಾರ್," ಎಂದರು ಮೇಷ್ಟ್ರು.