ಗೋಪಿನಾಥರ ಪ್ರಚಾರದ ಮೊದಲ ಸುತ್ತು

ಕೇಂದ್ರ ಸರ್ಕಾರದ ಕಡತಗಳಿಗೆ ಆಯುಷ್ಯವಿಡೀ ಟಿಪ್ಪಣಿ ಬರೆದು ನಿವೃತ್ತರಾದ ಗೋಪಿನಾಥರಿಗೆ ಒಂದೇ ಒಂದು ಕೊರಗು. ತಮ್ಮ ಮನೆಯ ಬಾಗಿಲಿಗೆ ಯಾರೂ ಬರುವುದಿಲ್ಲ. ಹಾಗಂತ ಬರದೆ ಇಲ್ಲ. ಹಾಲಿನವನು ಬರುತ್ತಾನೆ, ಕಸದವನು ಬರುತ್ತಾನೆ, ಕೇಬಲ್ ಟಿವಿಯವನಂತೂ ತಪ್ಪದೆ ಬರುತ್ತಾನೆ. ಆದರೆ "ಸಾರ್, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು" ಎಂದು ಹೊಸಿಲ ಬಳಿ ನಿಲ್ಲುವ ಒಂದು ನರಪಿಳ್ಳೆಯೂ ಇಲ್ಲ.

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ ಜನ ಕಾಯುತ್ತಿದ್ದದ್ದು ಸಹಿ ಹಾಕುವವರ ಮನೆ ಮುಂದೆ. ಗೋಪಿನಾಥರು ಸಹಿಗೆ ಕಡತ ಮಂಡಿಸುವವರು. ಕರ್ನಾಟಕದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದರೆ ಮುಖ್ಯ ಅತಿಥಿಯ ಹಾರ ಹಿಡಿದುಕೊಂಡು ನಿಲ್ಲುವ ಘನಕಾರ್ಯ ಇವರದು. (ಹಾರ ಹಾಕುವವರು ಬೇರೆ.) ಜನಕಪುರಿಯ ಡಿಡಿಎ ಫ್ಲಾಟಿಗೆ ಬಂದ ಮೇಲೆ ಇದ್ದ ಹೆಸರೂ ಹೋಗಿ ಬರೀ 'ಮದ್ರಾಸಿ ಅಂಕಲ್' ಆದರು. ತಾನು ತುಮಕೂರಿನವನು, ಮದ್ರಾಸಿಗೂ ತನಗೂ ಸಂಬಂಧವೇ ಇಲ್ಲ ಎಂದು ಕೆಳಗಿನ ಮನೆಯ ಬವೇಜಾ ಆಂಟಿಗೆ ಬಿಡಿಸಿ ಹೇಳಿದರೆ, ಆಕೆ "ಅಚ್ಛಾ, ಮದ್ರಾಸಿನಲ್ಲಿ ತುಮಕೂರು" ಎಂದು ತಲೆಯಾಡಿಸಿದ್ದರು.

ಇಂಥ ಮನುಷ್ಯನಿಗೆ ಆ ವರ್ಷ ದೆಹಲಿ ಮಹಾನಗರಪಾಲಿಕೆಯ ಚುನಾವಣೆ ಬರುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಪೇಪರ್ ಮಡಿಸಿಟ್ಟು, ಕನ್ನಡಕ ತೆಗೆದು, ಶೂನ್ಯವನ್ನು ದಿಟ್ಟಿಸುತ್ತಾ ಕೂತರು. ಕಣ್ಣೆದುರು ಕಾಣಿಸಿದ್ದು ಅಧಿಕಾರವಲ್ಲ, ಕೆಂಪು ದೀಪದ ಕಾರೂ ಅಲ್ಲ. ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ತಾವು. ಬಾಗಿಲಿನಿಂದ ಮೆಟ್ಟಿಲಿನವರೆಗೂ ಜನ. ಒಬ್ಬನಿಗೆ ಚರಂಡಿ ಕಟ್ಟಿದೆ, ಇನ್ನೊಬ್ಬಳ ಬೀದಿಯ ದೀಪ ಕೆಟ್ಟಿದೆ. ತಾವು "ನೋಡೋಣ, ಹೇಳ್ತೀನಿ" ಅನ್ನುತ್ತಿದ್ದಾರೆ. ಆ ಒಂದು ಮಾತು ಹೇಳುವ ಆಸೆ ಗೋಪಿನಾಥರ ಎದೆಯಲ್ಲಿ ಅದೆಷ್ಟು ಕಾಲದಿಂದ ಕೂತಿತ್ತೋ, ಕಣ್ಣು ಹನಿಗೂಡಿತು.

ಹೆಂಡತಿ ಸುಮಿತ್ರಾ ಅದನ್ನು ಕಂಡು, ಈರುಳ್ಳಿ ಹೆಚ್ಚುತ್ತಿರುವುದು ತಾನು, ಇವರಿಗ್ಯಾಕೆ ಕಣ್ಣೀರು ಎಂದು ವಿಚಾರಿಸಿದರು. ಗೋಪಿನಾಥರು ಮನದ ಇಂಗಿತವನ್ನು ಅರುಹಿದರು.

"ಎಲೆಕ್ಷನ್ನಿಗೆ ನಿಲ್ಲೋರು ಮೊದಲು ನಾಲ್ಕು ಜನರ ಹತ್ತಿರ ಮಾತಾಡಬೇಕು ರೀ. ನೀವು ಲಿಫ್ಟಿನಲ್ಲಿ ಯಾರಾದ್ರೂ ಇದ್ರೆ ಮೆಟ್ಟಿಲು ಹತ್ತಿ ಬರ್ತೀರಿ."

"ಅದಕ್ಕೇ ಯೋಜನೆ ಹಾಕಿದ್ದೀನಿ. ಮೊದಲ ಸುತ್ತಿನಲ್ಲಿ ಬರೀ ಪರಿಚಯ. ಓಟಿನ ಮಾತು ಎರಡನೇ ಸುತ್ತಿಗೆ. ನೀನೂ ಬಾ, ಹೆಂಗಸರು ಜೊತೆಗಿದ್ರೆ ಜನ ಬಾಗಿಲು ತೆಗೀತಾರೆ."

ಸುಮಿತ್ರಾ ಒಪ್ಪಿದರು, ಆದರೆ ಮುತ್ತೈದೆಯಾದವಳು ಊರ ಮನೆಗಳಿಗೆಲ್ಲ ಬರಿಗೈ ಬೀಸಿಕೊಂಡು ಹೋಗುವುದಿಲ್ಲ ಎಂಬ ಷರತ್ತಿನ ಮೇಲೆ. ಸರೋಜಿನಿ ನಗರದಿಂದ ಒಂದು ಹೊರೆ ರವಿಕೆ ಕಣ ಬಂತು. ಶನಿವಾರ ಬೆಳಿಗ್ಗೆ ಧರ್ಮಾವರಂ ಸೀರೆ ಉಟ್ಟು, ಬೆಳ್ಳಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆ ಜೋಡಿಸಿಕೊಂಡು ಅವರು ಹೊರಟರು. ನಾಯಕನಾದವನು ಬಿಳಿಯಲ್ಲೇ ಇರಬೇಕೆಂದು ಗೋಪಿನಾಥರು ಜರಿಯಂಚಿನ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದರು. ಪ್ರತಿ ಮನೆಯಲ್ಲೂ ಸುಮಿತ್ರಾ ಮನೆಯಾಕೆಗೆ ಕುಂಕುಮ ಇಟ್ಟು ಕಣ ಕೊಟ್ಟರು. ಗೋಪಿನಾಥರು ಕೈಮುಗಿದು ನಕ್ಕರು. ಯೋಜನೆಯ ಪ್ರಕಾರ ಓಟಿನ ಸುದ್ದಿಯನ್ನೇ ಎತ್ತಲಿಲ್ಲ. ಬವೇಜಾ ಆಂಟಿ, ನಿಮ್ಮ ಮಗಳು ಗಾನವಿ ಹೇಗಿದ್ದಾಳೆ ಎಂದು ಕೇಳಿದಾಗ, ಸುಮಿತ್ರಾ ಎಲ್ಲ ತಾಯಂದಿರಂತೆ ಒಂದು ನಿಟ್ಟುಸಿರು ಬಿಟ್ಟು, ಇನ್ನೆಷ್ಟು ದಿನ ನಮ್ಮ ಜೊತೆ ಇರುತ್ತಾಳೋ ಎಂದರು. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು ಸುಮಿತ್ರಾರನ್ನು ತಬ್ಬಿಕೊಂಡರು. ಇಷ್ಟು ಪ್ರೀತಿಯ ಮತದಾರರು ಬೇರೆಲ್ಲಿ ಸಿಕ್ಕಾರು ಎಂದು ಗೋಪಿನಾಥರು ಉಬ್ಬಿದರು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ಮೆಟ್ಟಿಲ ಮೇಲೆ ಬಹಳ ಕಾಲುಗಳ ಸದ್ದಾಯಿತು. ಬಾಗಿಲು ತೆಗೆದರೆ ಜನ! ಹೊಸಿಲಿನಿಂದ ಕೆಳಗಿನ ಮಹಡಿಯವರೆಗೂ ಜನ. ಗೋಪಿನಾಥರು ಎದೆ ಹಿಡಿದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕನಸು ನನಸಾಗಲು ಇಷ್ಟು ಕಡಿಮೆ ಸಮಯ ಸಾಕೆಂದು ಅವರಿಗೆ ಗೊತ್ತಿರಲಿಲ್ಲ.

ಮುಂದಾಳತ್ವ ಬವೇಜಾ ಆಂಟಿಯದು. ಗಂಡಿನ ಕಡೆಯವರಿಗೆ ತಮ್ಮ ಮನೆಯ ಎರಡು ಕೋಣೆ ಖಾಲಿ ಮಾಡಿಕೊಡುವುದಾಗಿ ಆಕೆ ಘೋಷಿಸಿದರು. ಮೂರನೇ ಮಹಡಿಯ ಸರ್ದಾರ್ಜಿ, ಶಾಮಿಯಾನದ ಚಿಂತೆ ಬೇಡ, ತನ್ನ ಭಾವಮೈದುನನದೇ ಅಂಗಡಿ ಎಂದರು. ಇನ್ನೊಬ್ಬರು ಜಿಲೇಬಿಯವನನ್ನು ಕರೆದುಕೊಂಡೇ ಬಂದಿದ್ದರು. ರೇಷ್ಮೆ ಉಟ್ಟ ಗಂಡಹೆಂಡತಿ ಕುಂಕುಮ, ಬಟ್ಟೆ ಹಿಡಿದು ಮನೆಮನೆಗೆ ಬಂದು ಕೈಮುಗಿದು ಹೋದರೆ ಅದು ಮಗಳ ಮದುವೆಯ ಕರೆಯಲ್ಲದೆ ಮತ್ತೇನು? ದಿನಾಂಕ ಹೇಳಲು ಮರೆತಿದ್ದನ್ನು ಮದ್ರಾಸಿಗಳ ಸಂಕೋಚ ಎಂದುಕೊಂಡು ಅವರೇ ಕೇಳಲು ಬಂದಿದ್ದರು.

ನಿಜ ಹೇಳಿ ಎಂದು ಸುಮಿತ್ರಾ ಹಿಂದಿನಿಂದ ತಿವಿದರು. ಗೋಪಿನಾಥರು ಬಾಯಿ ತೆರೆದರು. ಆದರೆ ಅಷ್ಟೂ ಮುಖಗಳು ತಮ್ಮ ಒಂದು ಮಾತಿಗಾಗಿ ಕಾದಿವೆ! ಜೀವಮಾನದಲ್ಲಿ ಇಂಥದ್ದು ಆಗಿರಲಿಲ್ಲ. ಹೊರಬಿದ್ದದ್ದು "ನೋಡೋಣ, ಹೇಳ್ತೀನಿ" ಅಷ್ಟೇ. ಅದೂ ಕನ್ನಡದಲ್ಲಿ.

ಅಷ್ಟರಲ್ಲಿ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಆ ವಾರ್ಡಿನ ಹಾಲಿ ಪಾಲಿಕೆ ಸದಸ್ಯ, ಎಲ್ಲರ ಬಾಯಲ್ಲೂ 'ಪಾರ್ಷದ್‌ಜೀ', ಹಿಂಬಾಲಕರ ಸಮೇತ ಬಂದರು. ಚುನಾವಣೆ ಹತ್ತಿರವಿರುವಾಗ ಪಾರ್ಷದರಿಗೆ ಮದುವೆಮನೆಯ ವಾಸನೆ ತಪ್ಪುವುದಿಲ್ಲ. ಪಾರ್ಕು ಖಾಲಿ ಮಾಡಿಸುವುದು, ನೀರಿನ ಟ್ಯಾಂಕರ್ ತರಿಸುವುದು ತಮ್ಮ ಜವಾಬ್ದಾರಿ, ಗಾನವಿ ತಮಗೂ ಮಗಳಿದ್ದಂತೆ ಎಂದು ಹೇಳಿ, ಎಲ್ಲರೆದುರು ಬಗ್ಗಿ ಗೋಪಿನಾಥರ ಕಾಲು ಮುಟ್ಟಿದರು.

ಚುನಾಯಿತ ಪ್ರತಿನಿಧಿಯೊಬ್ಬ ಗೋಪಿನಾಥರ ಕಾಲು ಮುಟ್ಟಿದ್ದು! ಅವರ ಕೈ ತಾನಾಗಿ ಆ ತಲೆಯ ಮೇಲೆ ಹೋಯಿತು. ಎದುರಾಳಿ ಎಂಬುದು ಮರೆತೇ ಹೋಯಿತು. ವಿಜಯೀ ಭವ ಎಂದು ಹರಸಿ, ಈ ಮನೆಯ ಮೂರು ಓಟೂ ನಿಮಗೇ ಎಂದು ತುಂಬಿದ ಸಭೆಯಲ್ಲಿ ವಾಗ್ದಾನ ಮಾಡಿಬಿಟ್ಟರು. ಚಪ್ಪಾಳೆ ಬಿತ್ತು. ಜಿಲೇಬಿಯವನೂ ಚಪ್ಪಾಳೆ ತಟ್ಟಿದ.

ಗುಡಗಾಂವಿನ ಆಫೀಸಿನಲ್ಲಿ ಶಿಫ್ಟ್ ಮುಗಿಸಿ ಸಂಜೆ ಬಂದ ಗಾನವಿಯನ್ನು ಮೆಟ್ಟಿಲ ಬುಡದಲ್ಲೇ ಹೆಂಗಸರು ಸುತ್ತುವರಿದು ಢೋಲಕ್ ಬಾರಿಸಿ ಮೇಲೆ ಕಳಿಸಿದರು. ಅವಳು ಬ್ಯಾಗೂ ಇಳಿಸದೆ ನಿಂತಳು.

"ಪಪ್ಪಾ, ಯೆ ಕ್ಯಾ ಹೋ ರಹಾ ಹೈ? ನನ್ನ ಶಾದಿ ಯಾರ ಜೊತೆ?"

"ಗೊತ್ತಿಲ್ಲ ಕಣೇ," ಎಂದರು ಸುಮಿತ್ರಾ. "ನಿಮ್ಮಪ್ಪ ಟ್ಯಾಂಕರ್ ಗೊತ್ತು ಮಾಡಿದ್ದಾರೆ. ಗಂಡು ಇನ್ನೂ ಗೊತ್ತಾಗಿಲ್ಲ."

ಗಾನವಿ ಸೀದಾ ಹೇಳಿದಳು. ನಾಳೆಯೇ ಮನೆಮನೆಗೆ ಹೋಗಿ ಮದುವೆ ಇಲ್ಲ ಅಂತ ಹೇಳಿಬರಬೇಕು. ಹೇಳಲೇಬೇಕು ಎಂದು ಗೋಪಿನಾಥರೂ ಒಪ್ಪಿದರು. ಎರಡನೇ ಸುತ್ತಿನ ಪ್ರಚಾರ ಹೀಗಾಗುತ್ತದೆಂದು ಪಾಪ ಅವರು ಅಂದುಕೊಂಡಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಯಾರೋ ಹತ್ತಿಬರುವ ಸದ್ದು ಕೇಳಿ ಶಲ್ಯ ಸರಿಪಡಿಸಿಕೊಂಡರು.

"ಮುಂದಿನ ವಾರ ಹೇಳಿದರಾಗದೇನಮ್ಮ?" ಎಂದರು ಮೆಲ್ಲಗೆ. "ಈಗ ತಾನೇ ಜನ ಬರೋಕೆ ಶುರು ಮಾಡಿದ್ದಾರೆ."