ಬೆಳಕಿನ ಯಂತ್ರ ಹೊಲಕ್ಕೆ ಹೋದ ವರ್ಷ

ಪ್ರಯೋಗಾಲಯದ ಬಾಗಿಲು ಮುಚ್ಚಿರುವಷ್ಟು ಹೊತ್ತು ವಿಜ್ಞಾನ ಗಂಭೀರವಾಗಿಯೇ ಇರುತ್ತದೆ. ಹೊರಗೆ ಕಾಲಿಟ್ಟಿತೋ, ನಗುವಂಥದ್ದು ಏನಾದರೂ ಆಗಿಯೇ ತೀರುತ್ತದೆ.

ನಾನು ನಾಗಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯ ಸಹಾಯಕಿ. ಕಪ್ಪು ಪರದೆ ಎಳೆದ ಕೋಣೆಯಲ್ಲಿ ಗಾಜು, ಹರಳು, ಪುಡಿಗಳ ಮೇಲೆ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕಿನಿಂದ ಅವುಗಳಲ್ಲಿ ಏನಿದೆ ಎಂದು ತಿಳಿಯುವುದು ನಮ್ಮ ಕೆಲಸ. ಮೂರು ವರ್ಷದ ಹಿಂದೆ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸರ್, ಹೆಗಲಿಗೆ ಹಾಕಿಕೊಳ್ಳುವಷ್ಟು ಸಣ್ಣದಾದ ಅಂಥದೇ ಒಂದು ಯಂತ್ರವನ್ನು ಸಾವನೇರ್ ಕಡೆಯ ಹಳ್ಳಿಗೆ ಒಯ್ಯಬೇಕೆಂದರು. ಅಲ್ಲಿನ ಮಹಿಳಾ ಸಂಘದವರು ಹತ್ತಿ, ತೊಗರಿ ಬೆಳೆಯುತ್ತಿದ್ದರು. ಬರಬೇಕಾದಾಗ ಬಾರದ ಮಳೆ ಆಮೇಲೆ ಒಂದೇ ದಿನ ಸುರಿದು ಮೇಲ್ಮಣ್ಣು ತೊಳೆದುಕೊಂಡು ಹೋಗುತ್ತಿತ್ತು; ಬಿತ್ತಿದ್ದನ್ನೇ ಮತ್ತೆ ಬಿತ್ತಬೇಕಾಗುತ್ತಿತ್ತು. ಮಣ್ಣಿನಲ್ಲಿ ಸತ್ವ ಎಷ್ಟು ಉಳಿದಿದೆ ಎಂದು ಹೊಲದಲ್ಲೇ ತಿಳಿದರೆ, ಎಲ್ಲಿ ಏನು ಬಿತ್ತಬೇಕೆಂದು ಅವರೇ ಗೊತ್ತು ಮಾಡಿಕೊಳ್ಳಬಹುದು. ನಮಗೆ ಸಿಕ್ಕಿದ್ದು ಒಂದು ವರ್ಷ. ಅಷ್ಟರಲ್ಲಿ ಯಂತ್ರ ನಂಬಿಕೆ ಗಳಿಸದಿದ್ದರೆ ಮತ್ತೆ ಕಪ್ಪು ಪರದೆಯ ಹಿಂದೆ.

ಹಳ್ಳಿಯವರು ಆಡಿದ್ದು ಮರಾಠಿ. ಇಲ್ಲಿ ನಮ್ಮ ಮನೆಯ ಕನ್ನಡದಾಗ ಹೇಳ್ತೀನಿ.

ಮಾತಿ

ನಗುವಂಥದ್ದರಲ್ಲಿ ಮೊದಲನೆಯದು ಮನೆಯಲ್ಲೇ ಆಯಿತು. ನಮ್ಮ ಅತ್ತೆ ಆಗಷ್ಟೇ ಗದಗದಿಂದ ನಮ್ಮಲ್ಲಿಗೆ ಬಂದಿದ್ದರು, ಮರಾಠಿ ಬಾರದು. ಮಣ್ಣಿಗೆ ಮರಾಠಿಯಲ್ಲಿ ‘ಮಾತಿ’ ಅನ್ನುತ್ತಾರೆ. ನಾನು ದಿನವೂ ಫೋನಿನಲ್ಲಿ ಮಾತಿ ತಪಾಸಣೆ, ಮಾತಿ ತಪಾಸಣೆ ಎನ್ನುವುದನ್ನು ಕೇಳಿ ಅವರು ಊರಲ್ಲಿದ್ದ ತಂಗಿಗೆ ಸುದ್ದಿ ಮುಟ್ಟಿಸಿದರಂತೆ: ನಮ್ಮ ಸೊಸಿ ಹೆಂಗಸರ ಮಾತು ಪರೀಕ್ಷಾ ಮಾಡೋ ಮಷೀನ್ ತಗೊಂಡು ಹಳ್ಳಿಗೆ ಹೊಂಟಾಳ.

ಆ ವಾರ ಅತ್ತೆ ಯಾಕೋ ತೀರ ಮಿತವಾಗಿ ಮಾತಾಡುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೂ ಚಕಾರ ಎತ್ತಲಿಲ್ಲ. ಆರೋಗ್ಯ ಸರಿ ಇಲ್ಲವೇನೋ ಎಂದು ನನಗೆ ಗಾಬರಿ. ಕೊನೆಗೆ ಅವರೇ ಯಂತ್ರದ ಚೀಲ ತೋರಿಸಿ, ಇದು ಮನೆಯಲ್ಲೂ ಕೆಲಸ ಮಾಡುತ್ತದೆಯೇ ಎಂದು ಕೇಳಿದಾಗ ವಿಷಯ ಹೊರಬಿತ್ತು. ನಾನು ಬಿಡಿಸಿ ಹೇಳಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

“ಮಣ್ಣೇನು? ಮತ್ತ ಮೊದಲ ಹೇಳಬಾರದೇನವಾ. ಒಂದು ವಾರ ಸುಮ್ಮನ ಬಾಯಿ ಕಟ್ಕೊಂಡು ಕುಂತೆನಲ್ಲ.”

ಗೂನು

ಸಂಘದ ಅಧ್ಯಕ್ಷೆಗೆ ಅರವತ್ತರ ಹತ್ತಿರ. ಊರವರೆಲ್ಲ ‘ಆಜಿ’, ಅಂದರೆ ಅಜ್ಜಿ, ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು. ಮೊದಲ ದಿನ ನಾವು ಕೈಕಾಲು ತೊಳೆದು ಬರುವಷ್ಟರಲ್ಲಿ ಆಜಿ ಯಂತ್ರಕ್ಕೆ ಆರತಿ ಮಾಡಿ ಮುಗಿಸಿದ್ದರು.

ಈ ಯಂತ್ರಕ್ಕೆ ಬಿಳಿ ಅಂದರೆ ಏನೆಂದು ಮೊದಲು ತೋರಿಸಬೇಕು. ಅದಕ್ಕೊಂದು ಬಿಳಿ ಬಿಲ್ಲೆ ಇರುತ್ತದೆ. ಅದಕ್ಕೆ ಹೋಲಿಸಿಯೇ ಯಂತ್ರ ತನ್ನ ಪರದೆಯ ಮೇಲೆ ಆಯಾ ಮಣ್ಣಿನ ಗೆರೆ ಎಳೆಯುತ್ತದೆ. ಅವತ್ತು ಎಳೆದ ಗೆರೆಗಳಲ್ಲೆಲ್ಲ ಒಂದೇ ಜಾಗದಲ್ಲಿ ಗೂನು. ಕಪ್ಪು ಮಣ್ಣಿಗೂ ಗೂನು, ಕೆಂಪು ಮಣ್ಣಿಗೂ ಗೂನು. ಸರ್ ಕಣ್ಣುಗಳು ಮಿಂಚಿದವು. ಇಂಥ ಗೂನು ತಾನೆಲ್ಲೂ ಓದಿಲ್ಲ, ಈ ನೆಲದಲ್ಲಿ ಯಾವುದೋ ಹೊಸ ಖನಿಜವೇ ಇರಬೇಕು ಎಂದರು. ಎರಡು ದಿನ ಪುಸ್ತಕ ತಿರುವಿದರು, ಪ್ರಬಂಧಕ್ಕೆ ಶೀರ್ಷಿಕೆಯನ್ನೂ ಯೋಚಿಸಿದರು.

ಮೂರನೆಯ ದಿನ ನಾನು ಬಿಲ್ಲೆ ಒರೆಸಲು ಡಬ್ಬಿ ತೆಗೆದೆ. ನಟ್ಟನಡುವೆ ಅಂಗುಷ್ಠದಷ್ಟು ಕುಂಕುಮ.

ಬಿಲ್ಲೆಯನ್ನು ಸರ್ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದ್ದು ಇಷ್ಟೇ: “ಅರಿಶಿಣ ಹಚ್ಚಿಲ್ಲ ತಾನೆ?”

ಆರಿಸಿದ ಮಣ್ಣು

ಮುಂದಿನ ಸಲ ಪ್ರತಿಯೊಬ್ಬರೂ ತಮ್ಮ ಹೊಲದ ಮಣ್ಣು ತರಬೇಕೆಂದು ಹೇಳಿದ್ದೆವು. ತಂದರು, ಫಳಫಳ ಹೊಳೆಯುವ ಸ್ಟೀಲ್ ಡಬ್ಬಿಗಳಲ್ಲಿ. ಮಣ್ಣು ರವೆಯ ಹಾಗಿತ್ತು. ಯಂತ್ರಕ್ಕೆ ತೋರಿಸಿದರೆ ಎಲ್ಲ ಹೊಲವೂ ಚಿನ್ನದಂಥ ಹೊಲ. ಹಾಗಿದ್ದರೆ ಬೆಳೆ ಯಾಕೆ ಸೊರಗುತ್ತದೆ ಎಂದು ಸರ್ ತಲೆ ಕೆರೆದುಕೊಂಡರು.

ಸಂಘದಲ್ಲಿ ಊರಿನ ಒಂದು ಮನೆಯ, ಮೂವತ್ತರ ಒಳಗಿನ ಸೊಸೆಯೊಬ್ಬಳಿದ್ದಳು, ತುಸು ಧೈರ್ಯದವಳು. ಅವಳೇ ನಿಜ ಹೇಳಿದಳು. ಎಲ್ಲರೂ ಮಣ್ಣನ್ನು ಬಿಸಿಲಿಗೆ ಹಾಕಿ, ಕಲ್ಲು ಆರಿಸಿ, ಜರಡಿ ಹಿಡಿದಿದ್ದರು. ಕೆಲವರು ತಿಪ್ಪೆಗೊಬ್ಬರವನ್ನೂ ಒಂದು ಹಿಡಿ ಬೆರೆಸಿದ್ದರು.

“ದೊಡ್ಡವರು ನೋಡಾಕ ಬರ್ತಾರಂದ್ರ ಹೆಂಗಿತ್ತೋ ಹಂಗ ಮುಂದಿಡೂದು ಹೆಂಗ್ರಿ?” ಎಂದಳು.

ನಗು ಬಂತು, ಒಳಗೆಲ್ಲೋ ಚುರುಕ್ ಅಂತಲೂ ಅನ್ನಿಸಿತು. ತಮ್ಮ ಹೊಲ ಬಡವಾದದ್ದು ತಮ್ಮದೇ ತಪ್ಪೆಂಬಂತೆ ಅವರು ಸಂಕೋಚಪಡುತ್ತಿದ್ದರು. ಸರ್ ಆ ಹೆಂಗಸರ ಜೊತೆ ನೆಲದ ಮೇಲೆ ಕೂತು, ಮಣ್ಣಿಗೆ ಪರೀಕ್ಷೆ ಇರುವುದು, ಅವರಿಗಲ್ಲ ಎಂದು ನಿಧಾನವಾಗಿ ತಿಳಿಹೇಳಿದರು. ಹೊಲದಲ್ಲಿ ಹೇಗಿದೆಯೋ ಹಾಗೇ ತನ್ನಿ, ಏನೂ ತೆಗೆಯಬೇಡಿ, ಏನೂ ಸೇರಿಸಬೇಡಿ ಎಂದರು.

ಮರುವಾರ ಅದೇ ಸೊಸೆ ಡಬ್ಬಿಯ ಮುಚ್ಚಳ ತೆಗೆದಳು. ಬೇರು, ಹರಳು, ಹತ್ತಾರು ಇರುವೆ, ಎರಡು ಎರೆಹುಳ.

“ಹೆಂಗಿತ್ತೋ ಹಂಗ ತಂದೀನ್ರಿ, ಮನಿಮಂದಿ ಸಮೇತ.”

ನೆಲದ ಕೆಳಗೆ, ನೆಲದ ಮೇಲೆ

ನಮ್ಮ ಅರ್ಜಿಯಲ್ಲಿ ‘ರೈತನ ಹೆಸರು, ಸಹಿ’ ಎಂಬ ಸಾಲಿತ್ತು. ಜಮೀನಿನ ಕಾಗದ ಗಂಡಸರ ಹೆಸರಿನಲ್ಲಿ, ಆದ್ದರಿಂದ ಸಹಿಗೆ ಅವರೇ ಬರಬೇಕೆಂದು ಕಚೇರಿ ಹಟ ಹಿಡಿಯಿತು. ಆ ಸೊಸೆಯ ಗಂಡ ಸಮೀಪದ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ನೇರ ಬಂದು ಕೂತ. ಸಂಭಾವಿತ ಮನುಷ್ಯ.

ಕಳೆದ ವರ್ಷ ಏನು ಬಿತ್ತಿದಿರಿ ಎಂದು ಸರ್ ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. ಎಷ್ಟು ಸಲ ಬಿತ್ತಿದಿರಿ? ಮತ್ತೆ ಹೆಂಡತಿಯ ಮುಖ. ನೀರು ಯಾವ ಕಡೆ ಹರಿಯುತ್ತದೆ ಎಂದಾಗ ಬೆವರು ಒರೆಸಿಕೊಂಡ. ಉತ್ತರ ಎಲ್ಲ ಅವಳೇ ಹೇಳಿದಳು. ಸರ್ ಪೆನ್ನು ತೆಗೆದು ‘ರೈತನ ಹೆಸರು’ ಎಂಬುದನ್ನು ಹೊಡೆದುಹಾಕಿ ‘ಹೊಲ ಮಾಡುವವರ ಹೆಸರು’ ಎಂದು ಬರೆದು, ಕಾಗದವನ್ನು ಅವಳ ಕಡೆ ತಿರುಗಿಸಿದರು. ಅವಳು ಒಂದೊಂದೇ ಅಕ್ಷರ ಬರೆದು, ಅದನ್ನು ಎರಡು ಸಲ ಓದಿಕೊಂಡಳು.

ಗಂಡನಿಗೆ ಬೇಜಾರಾಯಿತೇನೋ ಎಂದು ನಾನು ಅವನತ್ತ ನೋಡಿದೆ. ಅವನು ಉಸಿರು ಬಿಟ್ಟು ಎದ್ದು ನಿಂತ.

“ಮುನ್ನೂರು ಅಡಿ ಕೆಳಗ ಏನೈತಿ ಅಂತ ಕೇಳ್ರಿ, ಸಾಹೇಬ್ರ, ಹೇಳ್ತೀನಿ. ಮ್ಯಾಲಿನ ಒಂದು ಗೇಣು ಆಕೀದು.”

ಹತ್ತು ಬಟ್ಟಲು

ವರ್ಷದ ಕೊನೆಗೆ ಸಂಸ್ಥೆಯ ಸಭಾಂಗಣದಲ್ಲಿ ಪರಿಶೀಲನೆ. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಹಿಂದೆ ಸಂಘದ ಹೆಂಗಸರು. ಸರ್ ಹತ್ತು ಬಟ್ಟಲಲ್ಲಿ ಮಣ್ಣು ಇಡಿಸಿದ್ದರು. ಒಂಬತ್ತು ಹಳ್ಳಿಯ ಹೊಲಗಳದ್ದು. ಹತ್ತನೆಯದು ನಮ್ಮದೇ ಕಟ್ಟಡದ ಒಂದು ಹೂಕುಂಡದ್ದು. ಸರ್ ಮತ್ತು ನನ್ನನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ವರ್ಷವಿಡೀ ಅಳೆದಿಟ್ಟ ಗೆರೆಗಳಿಗೆ ಹೋಲಿಸಿ ಯಂತ್ರ ಒಂಬತ್ತೂ ಯಾರ ಹೊಲದ್ದೆಂದು ಸರಿಯಾಗಿ ಗುರುತಿಸಿತು. ಹತ್ತನೆಯದಕ್ಕೆ ‘ಉತ್ತಮ ಮಣ್ಣು, ಹೊಲ ಗೊತ್ತಿಲ್ಲ’ ಎಂದಿತು.

ಆಮೇಲೆ, ಅಷ್ಟು ಹೊತ್ತು ಹೊರಗೆ ಕೂರಿಸಿದ್ದ ಆಜಿಯ ಸರದಿ. ಚಿಟಿಕೆ ಮಣ್ಣು ತೆಗೆದು, ಒಂದು ಹನಿ ನೀರು ಹಾಕಿ ಉಜ್ಜಿ, ಮೂಸಿ, ಇಂಥವರ ಹೊಲ ಎಂದು ಎಂಟನ್ನು ಸಲೀಸಾಗಿ ಹೇಳಿದರು. ಒಂಬತ್ತನೆಯದರ ಹತ್ತಿರ ನಿಂತರು. ಊರಿನದೇ ಮಣ್ಣು, ಆದರೆ ಯಾರ ಹೊಲವೆಂದು ತಿಳಿಯದು, ಸೋತ ಮಣ್ಣು ಎಂದರು.

ಅದು ಅವರದೇ ಹೊಲ. ನಾನೇ ಅಗೆದು ತಂದಿದ್ದೆ. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಆಜಿ ಮತ್ತೊಮ್ಮೆ ಉಜ್ಜಿ ನೋಡಿದರು.

“ದಿನಾ ಇದರ ಮ್ಯಾಲೇ ಅಡ್ಡಾಡ್ತೀನಿ,” ಎಂದರು. “ದಿನಾ ನೋಡಿದ್ದಕ್ಕ ಸೋತದ್ದು ತಿಳೀಲಿಲ್ಲ.” ಆಮೇಲೆ ಸರ್ ಕಡೆ ತಿರುಗಿ, ಇದು ಸುಧಾರಿಸಲು ಎಷ್ಟು ವರ್ಷ ಬೇಕು ಎಂದು ಕೇಳಿದರು. ತನಗೆ ಗೊತ್ತಿಲ್ಲ, ಬದು ಹಾಕಿ, ಗೊಬ್ಬರ ಕೊಟ್ಟು ವರ್ಷವರ್ಷ ಅಳೆದು ನೋಡಬೇಕು ಎಂದರು ಸರ್. ನಿರ್ದೇಶಕರು ಅಲ್ಲೇ ಎದ್ದು, ಯಂತ್ರ ಇನ್ನೂ ಮೂರು ವರ್ಷ ಹಳ್ಳಿಯಲ್ಲೇ ಇರಲಿ ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ಒದ್ದೆಯಾಗಿತ್ತು.

ಇನ್ನೊಂದು ಬಟ್ಟಲು ಉಳಿದಿತ್ತು. ಆಜಿ ಅದನ್ನು ಮೂಸಿ ಹುಬ್ಬು ಗಂಟಿಕ್ಕಿದರು.

“ಇದು ಹೊಲದ್ದಲ್ಲ, ಕುಂಡದ್ದು. ಯಾರೋ ಇದಕ್ಕ ದಿನಾ ಚಹಾ ಕುಡಸ್ತಾರ. ಹಾಲು ಹಾಕಿದ್ದು.”

ಸತ್ಯ ಕಂಡರೆ ತಡೆದುಕೊಳ್ಳಲಾರದ ನಮ್ಮ ಸರ್ ಸಂತೋಷದಿಂದ ಮೈಕಿನಲ್ಲೇ ಹೇಳಿಬಿಟ್ಟರು, ಆ ಕುಂಡ ನಿರ್ದೇಶಕರ ಕೋಣೆಯ ಒಳಗಿನದು ಎಂದು. ನಿರ್ದೇಶಕರು ಪ್ರತಿ ಸಭೆಯಲ್ಲೂ ಕ್ಯಾಂಟೀನ್ ಚಹಾವನ್ನು ಹೊಗಳುವವರು. ಅವರ ಕಿವಿ ಕೆಂಪಗಾಯಿತು. ಯಾರೂ ನಗುವ ಧೈರ್ಯ ಮಾಡಲಿಲ್ಲ.

ಅಷ್ಟರಲ್ಲಿ ಹದಿನೈದು ವರ್ಷದಿಂದ ಆ ಚಹಾ ಮಾಡುತ್ತಿದ್ದ ಕ್ಯಾಂಟೀನಿನ ಕಾಕಾ ಟ್ರೇ ಹಿಡಿದು ಮುಂದಿನ ಸಾಲಿಗೆ ಬಂದರು. ನಿರ್ದೇಶಕರ ಮುಂದೆ ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದರು:

“ಸಾಹೇಬ್, ನಿಮ್ಮ ಕೈಯಾಗ ಕೊಡ್ಲ್ಯಾ, ಇಲ್ಲಾ ನಾನೇ ಹೋಗಿ ಕುಂಡಕ್ಕ ಹಾಕಿ ಬರಲ್ಯಾ?”